ಏಳು ನಿಮಿಷದ ಕಲಾವತಿ

ಫೋನಿನಲ್ಲಿ ಹೇಗೆ ಮಾತಾಡಬೇಕು ಅಂತ ಕಲಿಯಬೇಕಿದ್ದರೆ ಭಾವಿಕೇರಿಯ ಕಲಾವತಿಯ ಹತ್ತಿರ ಕಲಿಯಬೇಕು ಅಂತ ಊರಲ್ಲಿ ಒಂದು ಮಾತಿತ್ತು. ಆ ಮಾತನ್ನು ಮೊದಲು ಆಡಿದವಳು ಕಲಾವತಿಯೇ, ಅದು ಬೇರೆ ವಿಷಯ. ನಾಲ್ಕು ಸಲ ನಾವೇ ಹೇಳಿಕೊಂಡರೆ ಐದನೇ ಸಲ ಊರೂ ಹೇಳುತ್ತದೆ.

ಅವಳ ಗಂಡ ನಾಗು ಕುವೈತಿನಲ್ಲಿ ವೆಲ್ಡರ್. ನಾಗುವಿನ ತಮ್ಮ ಸಂದೀಪನೂ ಅದೇ ಕಂಪನಿ, ಅದೇ ಕೋಣೆ. ಇಲ್ಲಿ ಇಬ್ಬರ ಹೆಂಡಿರದ್ದೂ ಒಂದೇ ಮಾಡಿನ ಕೆಳಗಿನ ಸಂಸಾರ. ಪಾಲಾದ ಮೇಲೆ ನಡುವೆ ಒಂದು ಗೋಡೆ ಬಂದಿತ್ತು, ಅಷ್ಟೆ. ಗೋಡೆಯ ಈಚೆ ಕಲಾವತಿ ಮತ್ತು ಪಿಯುಸಿ ಓದುವ ಮಗಳು ದೀಪಾಲಿ. ಆಚೆ ಸಂದೀಪನ ಹೆಂಡತಿ ರೂಪಾಲಿ ಮತ್ತು ಅವಳ ಆರು ವರ್ಷದ ಮಗ ಸೂರಜ್. ಪಾಲಿನಲ್ಲಿ ತೆಂಗಿನಮರ ಅರ್ಧರ್ಧ, ಪಾತ್ರೆಪಡಗ ಅರ್ಧರ್ಧ ಹೋಯಿತು. ಫೋನು ಮಾತ್ರ ಕಲಾವತಿಯ ಜಗಲಿಯಲ್ಲೇ ಉಳಿಯಿತು. ಫೋನನ್ನು ಕೊಯ್ದು ಪಾಲು ಮಾಡಲಿಕ್ಕೆ ಆಗುತ್ತದೆಯೇ?

ಪ್ರತಿ ಶುಕ್ರವಾರ ಅಲ್ಲಿಯವರಿಗೆ ರಜೆ. ನಮ್ಮ ಹನ್ನೊಂದು ಗಂಟೆಗೆ ಸರಿಯಾಗಿ ಫೋನು ಬಡಿದುಕೊಳ್ಳುತ್ತಿತ್ತು. ಅಣ್ಣತಮ್ಮ ಸೇರಿ ಒಂದು ಕಾರ್ಡು ಕೊಳ್ಳುತ್ತಿದ್ದರು. ಕಾರ್ಡಿನ ಹಿಂದಿನ ಮಸಿ ಗೀರಿ ನಂಬರು ಒತ್ತಿದರೆ ಹದಿನಾಲ್ಕು ನಿಮಿಷದ ಮಾತು. ಏಳು ಅಣ್ಣನದ್ದು, ಏಳು ತಮ್ಮನದ್ದು.

ಏಳು ನಿಮಿಷ ಅಂದರೆ ಎಷ್ಟು? ನಿಮಗೆ ನಮಗೆ ಬಾಯಿ ತೆರೆಯುವುದರೊಳಗೆ ಮುಗಿಯುತ್ತದೆ. ಕಲಾವತಿಗೆ ಹಾಗಲ್ಲ. ಅವಳು ವಾರವಿಡೀ ಹರಿದ ಕ್ಯಾಲೆಂಡರಿನ ಹಾಳೆಯ ಹಿಂದೆ ಪಟ್ಟಿ ಮಾಡುತ್ತಿದ್ದಳು. ಫೋನು ಎತ್ತಿದ ಕೂಡಲೆ ಗಡಿಯಾರದ ಮೇಲೆ ಕಣ್ಣಿಟ್ಟು, ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಸುರುಮಾಡುತ್ತಿದ್ದಳು. "ಒಂದು, ದೀಪಾಲಿ ಫೀಸು ಕಟ್ಟಿ ಆಯ್ತು. ಎರಡು, ಬಚ್ಚಲ ಬದಿಗೆ ಹಂಚು ಸರಿದದೆ, ಮಳೆಗಿಂತ ಮೊದ್ಲು ಹೊದಿಸ್ಬೇಕು, ಹೌದಾ ಅಲ್ದಾ? ಮೂರು, ನಿಮ್ಮ ಸೋದರತ್ತೆ ಮೊಮ್ಮಗಳ ಮದುವೆ, ಏನು ಉಡುಗೊರೆ ಮಾಡುದು?" ಆಚೆಯಿಂದ ನಾಗು "ಹಾಂ" ಅನ್ನುತ್ತಿದ್ದ, "ಅಡ್ಡಿಲ್ಲ" ಅನ್ನುತ್ತಿದ್ದ, "ನೀನೇ ಕಂಡು ಮಾಡು" ಅನ್ನುತ್ತಿದ್ದ. ಏಳನೇ ನಿಮಿಷಕ್ಕೆ ಪಟ್ಟಿಯೂ ಮುಗಿಯುತ್ತಿತ್ತು, ಮಾತೂ ಮುಗಿಯುತ್ತಿತ್ತು. ಆರೋಗ್ಯ ಹೇಗದೆ, ಉಂಡ್ರಾ, ನಿದ್ದೆ ಬಂತಾ ಎಂಬ ಹಾಳು ಹರಟೆಗೆ ಅವಳು ಒಂದು ಸೆಕೆಂಡೂ ಕೊಟ್ಟವಳಲ್ಲ.

ಆಮೇಲೆ ರೂಪಾಲಿಯ ಪಾಳಿ. ಅವಳು ಅಕ್ಕನ ಜಗಲಿಯ ಮೂಲೆಯಲ್ಲಿ ಹತ್ತೂವರೆಯಿಂದಲೇ ಕಾದು ಕೂತಿರುತ್ತಿದ್ದಳು. ಫೋನು ಕೈಗೆ ಬಂದರೆ "ಹಲೋ, ಹಲೋ, ಕೇಳ್ತದಾ? ಉಂಡ್ರಾ? ಎಂತ ಉಂಡ್ರಿ?" ಅಂತ ನಾಲ್ಕು ನಿಮಿಷ. ಕಿಸಿಕಿಸಿ ನಗು ಒಂದು ನಿಮಿಷ. ಮೂಗು ಒರೆಸುವುದು ಒಂದು ನಿಮಿಷ. ಮುಖ್ಯ ವಿಷಯಕ್ಕೆ ಬರುವಾಗ ಕಾರ್ಡು ಖಾಲಿ. ಕಲಾವತಿ ಅಲ್ಲೇ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡು, "ಪಾಪ, ಅವಳಿಗೆ ಮಾತಾಡೂಕೆ ಬರುದಿಲ್ಲ" ಅಂತ ಮಗಳ ಹತ್ತಿರ ಮರುಗುತ್ತಿದ್ದಳು. ಆ ಮರುಕದಲ್ಲಿ ಎಷ್ಟು ಸುಖ ಇತ್ತು ಅಂದರೆ, ಶುಕ್ರವಾರ ಮಧ್ಯಾಹ್ನ ಅವಳಿಗೆ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

ಇದೆಲ್ಲ ಎರಡು ಸಾವಿರದ ಏಳನೇ ಇಸವಿಯ ದೀಪಾವಳಿಯ ತನಕ. ಹಬ್ಬ ಮುಗಿದ ವಾರ ರೂಪಾಲಿ ಬಂದು, "ಅಕ್ಕ, ಇನ್ನು ನನ್ನ ಏಳು ನಿಮಿಷನೂ ನೀವೇ ತಕಳಿ" ಅಂದಳು.

"ಎಂತಕ್ಕೆ? ಜಗಳ ಆಯ್ತಾ?"

"ಅಯ್ಯೋ, ಜಗಳ ಅಲ್ಲ. ಇವ್ರ ರೂಮಲ್ಲಿ ಕೇರಳದವ ಒಬ್ಬ ಕಂಪ್ಯೂಟರ್ ತಂದಿಟ್ಟಾನಂತೆ. ನಾನು ಅಂಕೋಲೆಯಲ್ಲಿ ಸೋಮು ಸೈಬರಿಗೆ ಹೋಗಿ ಕೂತ್ರೆ ಆಯ್ತು. ಗಂಟೆಗೆ ಇಪ್ಪತ್ತೇ ರೂಪಾಯಿ. ಮೋರೆನೂ ಕಾಣ್ತದಂತೆ ಅಕ್ಕ! ನೀವೂ ಬನ್ನಿ, ಭಾವನೂ ಅದೇ ರೂಮಲ್ಲೇ ಇರ್ತಾರಲ್ಲ."

ಕಲಾವತಿ ಮೊರದ ಅಕ್ಕಿಯನ್ನು ಒಮ್ಮೆ ಜೋರಾಗಿ ಕೇರಿದಳು. "ನಂಗೆ ಮನೇಲಿ ಫೋನದೆ ಮಾರಾಯ್ತಿ. ಪೇಟೆ ಹುಡುಗರ ನಡುವೆ ಪ್ಲೈವುಡ್ ಗೂಡಲ್ಲಿ ಕೂತು ಕೈ ಬೀಸುವ ಗ್ರಾಚಾರ ನಂಗೆ ಬಂದಿಲ್ಲ."

ಅಲ್ಲಿಗೆ ಮುಗಿಯಬೇಕಿತ್ತು. ಮುಂದಿನ ಶುಕ್ರವಾರ ನಾಗು, "ಇನ್ನು ಹದಿನಾಲ್ಕೂ ನಿಮಿಷ ನಮ್ಮದೇ" ಅಂದಾಗ ಇವಳೇ, "ಎಂತಕ್ಕೆ ದಂಡ? ಸಣ್ಣ ಕಾರ್ಡು ತಕಳಿ, ನಂಗೆ ಏಳು ಸಾಕು" ಅಂದಳು. ಸೈಬರಿನ ಸುದ್ದಿ ಅವನೂ ಒಂದು ಸಲ ಎತ್ತಿದ. ಅದು ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ಅವಳು ನಾಲ್ಕನೆಯದಕ್ಕೆ ಹೋದಳು.

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. ಹಾಗೆ ಹೇಳುವವರಿಗೆ ವಾರಗಿತ್ತಿ ಇರಲಿಕ್ಕಿಲ್ಲ. ಅಂದಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ಗೋಡೆಯಾಚೆ ಸಡಗರವೋ ಸಡಗರ. ಬಿಸಿನೀರಿನ ಸ್ನಾನ, ಮೋರೆಗೆ ಪೌಡರು, ತಲೆಗೆ ಒಂದು ಮೊಳ ಅಬ್ಬಲಿಗೆ. ರೂಪಾಲಿ ಮಗನ ಕೈಹಿಡಿದು ಮೂರೂ ಕಾಲಿನ ಬಸ್ಸಿಗೆ ಹೊರಟಳು ಅಂದರೆ ಮದುವೆಗೆ ಹೊರಟ ಹಾಗೆ. ತಿರುಗಿ ಬರುವಾಗ ಆರು. ಬಂದವಳು ಒಂದು ಮಾತಿಲ್ಲದೆ ಒಳಗೆ ಹೋಗಬಾರದೇ? ಇಲ್ಲ, ಅಂಗಳದಲ್ಲೇ ನಿಂತು ಕುವೈತಿನ ವರದಿ ಒಪ್ಪಿಸಬೇಕು.

"ಅಕ್ಕ, ಭಾವನ ಮಂಚದ ಮೇಲೆ ಹಸಿರು ಚಾದರ ಹಾಸಿದ್ರು ಇವತ್ತು."

ಕಲಾವತಿ ಹಿಡಿಸೂಡಿ ಎತ್ತಿಕೊಂಡು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ತನ್ನ ಗಂಡನ ಮಂಚದ ಚಾದರದ ಬಣ್ಣ ಇವಳ ಬಾಯಿಂದ ಕೇಳಬೇಕೇ? ಇನ್ನೊಂದು ವಾರ ಅದಕ್ಕಿಂತ ದೊಡ್ಡದು ಬಂತು. "ಭಾವ ಗಡ್ಡ ಬಿಟ್ಟಾರಲ್ಲ ಅಕ್ಕ, ಚಂದ ಕಾಣ್ತಾರೆ."

"ಗೊತ್ತದೆ. ನಂಗೆ ಹೇಳಿಯೇ ಬಿಟ್ಟದ್ದು," ಅಂದಳು ಕಲಾವತಿ. ಸುಳ್ಳು. ಮುಂದಿನ ಶುಕ್ರವಾರದ ಪಟ್ಟಿಯಲ್ಲಿ ಗ್ಯಾಸ್ ಸಿಲಿಂಡರಿಗೂ ರೇಶನ್ ಕಾರ್ಡಿಗೂ ನಡುವೆ ಗಡ್ಡ ಸೇರಿತು. "ಐದು, ಗಡ್ಡ ಬಿಟ್ಟೀರಂತೆ." "ಹಾಂ." "ಆರು, ರೇಶನ್ ಕಾರ್ಡು." ಇಡೀ ಗಡ್ಡ ಒಂದು ಹಾಂನಲ್ಲಿ ಮುಗಿದುಹೋಯಿತು.

ನಾನು ಮುಖ್ಯ ವಿಷಯಕ್ಕೆ ಇನ್ನೂ ಬಂದೇ ಇಲ್ಲ. ಜನವರಿಯ ಒಂದು ಶುಕ್ರವಾರ ಕಲಾವತಿ ಹೊಲಿಗೆಯ ದಾರ ತರುವ ನೆಪ ಮಾಡಿ ಅಂಕೋಲೆಗೆ ಹೋದಳು. ದಾರದ ಅಂಗಡಿ ಒಂದು ಬದಿಗೆ, ಅವಳ ಕಾಲು ಇನ್ನೊಂದು ಬದಿಗೆ. ಸೋಮು ಸೈಬರಿನ ಮೆಟ್ಟಿಲು ಹತ್ತಿ, "ಇಲ್ಲಿ ಗಂಟೆಗೆ ಎಷ್ಟು? ಅರ್ಧ ಗಂಟೆಗೆ ಆಗ್ತದಾ?" ಅಂತ ಸೋಮುವಿನ ಹತ್ತಿರ ದರ ಕೇಳುವವಳ ಹಾಗೆ ನಿಂತಳು. ಕೇಳುತ್ತ ಕೇಳುತ್ತ ಕಣ್ಣು ಗೂಡುಗಳ ಮೇಲೆ. ಮೂರನೆಯದರಲ್ಲಿ ಅಬ್ಬಲಿಗೆ ಕಂಡಿತು. ಪ್ಲೈವುಡ್ ಎದೆಮಟ್ಟದ್ದು, ಹಿಂದಿನಿಂದ ಎಲ್ಲ ಕಾಣುತ್ತಿತ್ತು.

ರೂಪಾಲಿಯ ಕಿವಿಗೆ ಹೆಡ್‌ಫೋನು. ತೊಡೆಯ ಮೇಲೆ ಮಗ. ಪರದೆಯ ಮೇಲೆ ಎರಡು ಮೋರೆ. ಒಂದು ಸಂದೀಪನದ್ದು. ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಮುಂದೆ ಬಗ್ಗಿದ ಗಡ್ಡದ ಮೋರೆ, ಕಲಾವತಿಯ ಗಂಡನದ್ದು.

ನಾಗು ನಗುತ್ತಿದ್ದ. ಸ್ವರ ಇಲ್ಲ, ಆದರೆ ಎಂಥ ನಗು! ಹಲ್ಲೆಲ್ಲ ಬಿಟ್ಟು, ಕಣ್ಣು ಮುಚ್ಚಿ, ತೊಡೆ ತಟ್ಟಿಕೊಂಡು. ರೂಪಾಲಿ ಬೆರಳು ಎತ್ತಿ ಗದರುತ್ತಿದ್ದಳು, ಅವನು ಮತ್ತೂ ನಗುತ್ತಿದ್ದ. ಮದುವೆಯಾದ ಹೊಸತರಲ್ಲಿ ಒಂದೆರಡು ಸಲ ಆ ನಗುವನ್ನು ಕಂಡ ನೆನಪು ಕಲಾವತಿಗೆ. ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಎದುರು ಕುರ್ಚಿಯಲ್ಲಿ ಕೂರುವ ಪದ್ಧತಿಯೇ ಇಲ್ಲ. ಭಾವ ಜಗಲಿಗೆ ಬಂದರೆ ಅವಳು ಬಾಗಿಲ ಹಿಂದೆ ಸರಿಯಬೇಕು. ಕಳೆದ ರಜೆಯಲ್ಲಿ ನಾಗು ಬಂದು ಎರಡು ತಿಂಗಳು ಇದ್ದಾಗ ರೂಪಾಲಿ ಅವನ ಸುದ್ದಿಗೆ ಆಡಿದ ಮಾತು, "ಭಾವನಿಗೆ ಚಾ ಬೇಕಾ ಕೇಳಿ ಅಕ್ಕ," ಅಷ್ಟೇ. ಈಗ ಎರಡು ಸಮುದ್ರ ದಾಟಿ ಬೆರಳು ತೋರಿಸಿ ಗದರುತ್ತಾಳೆ! ಇವನು ತೊಡೆ ತಟ್ಟುತ್ತಾನೆ! ಅದೇ ದಿನ ಹನ್ನೊಂದು ಗಂಟೆಗೆ ಹೆಂಡತಿಗೆ ಆರು ಸಲ ಹಾಂ, ಎರಡು ಸಲ ಅಡ್ಡಿಲ್ಲ ಅಂದವನು!

ಅವಳು ದಾರ ಕೊಳ್ಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಬ್ಬಿಣಕ್ಕೆ ಹಣೆ ಒತ್ತಿ ಕೂತು ಬಂದಳು. ಅತ್ತರೆ ಚೂರು ಹಗುರಾಗುತ್ತಿತ್ತು, ಅಳು ಬರಲಿಲ್ಲ. ಅಳುವಿನ ಜಾಗವನ್ನೂ ಉರಿಯೇ ತಿಂದಿತ್ತು. ಅಸಹ್ಯದ್ದೇನೂ ಅವಳು ಊಹಿಸಲಿಲ್ಲ, ಅಷ್ಟು ಕೆಟ್ಟವಳಲ್ಲ. ಅಸಹ್ಯದ್ದಾಗಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ನಗುವುದಕ್ಕೆ ಯಾವ ಪಂಚಾಯ್ತಿ ಸೇರಿಸುವುದು? ಆ ನಗು ತನಗೆ ಬೇಕು. ಇಷ್ಟೇ. ತನ್ನ ಜಗಲಿಯಲ್ಲಿ, ತನ್ನ ಎದುರು, ಗೋಡೆಯಾಚೆಯವಳಿಗೆ ಕೇಳುವ ಹಾಗೆ ಅವನು ನಗಬೇಕು.

ಈಗ ಸೈಬರಿಗೆ ತಾನೂ ಬರುತ್ತೇನೆ ಅಂದರೆ ಉಗುಳಿದ್ದನ್ನು ನೆಕ್ಕಿದ ಹಾಗಾಗುತ್ತದೆ. ಹಾಗಾಗಿ ಮನೆಗೇ ತರುವುದು ಅಂತ ನಿಶ್ಚಯವಾಯಿತು. ಏನನ್ನು ತರುವುದು? ಮೀನಿನ ಕಿವಿ ಎತ್ತಿ ನೋಡದೆ ಬಂಗಡೆ ಕೊಂಡವಳಲ್ಲ ಕಲಾವತಿ. ಮೊದಲು ಅಂಕೋಲೆಯ ಟೆಲಿಫೋನ್ ಆಫೀಸಿಗೆ ಹೋಗಿ ವಿಚಾರಿಸಿದಳು. ಇದ್ದ ಫೋನಿಗೇ ಇಂಟರ್ನೆಟ್ ಕೊಡುತ್ತಾರಂತೆ, ತಿಂಗಳಿಗೆ ಇಷ್ಟು ಅಂತ. ಆದರೆ ಮೋರೆ ನೋಡುತ್ತ ಕೂತರೆ ತಿಂಗಳಿಗೆ ಕೊಟ್ಟದ್ದು ವಾರದಲ್ಲೇ ಕರಗುತ್ತದೆ. ಇನ್ನೊಂದು ಸ್ಕೀಮಿನಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರ ತನಕ ಪುಕ್ಕಟೆ.

"ರಾತ್ರಿ ಎರಡಕ್ಕೆ ಎದ್ದು ಗಂಡನ ಮೋರೆ ನೋಡೂಕೆ ನಾನೇನು ಹೊಸ ಮದುಮಗಳಾ?" ಅಂದಳು. ಕೌಂಟರಿನವರು ತಲೆ ತಗ್ಗಿಸಿ ಬರೆಯುವುದರಲ್ಲಿ ಮುಳುಗಿದರು.

ವೈರಿಲ್ಲದ ಫೋನು ಮಾರುವ ದುರ್ಗಪ್ಪ ಮನೆಗೇ ಬಂದು ಒಂದು ಗಂಟೆ ಕೂತು ಚಾ ಕುಡಿದು ಹೋದ. ಅವನ ಫೋನಿನಲ್ಲಿ ಕಾರವಾರಕ್ಕೆ, ಗೋವಾಕ್ಕೆ ಅಗ್ಗ, ಕುವೈತಿಗೆ ಅಲ್ಲ. ಕೊನೆಗೆ ಕಾರವಾರದಲ್ಲಿ ಕಾಶಿಯ ಕಂಪ್ಯೂಟರ್ ಅಂಗಡಿ. ಕಾಶಿ ಒಳ್ಳೆಯ ಮನುಷ್ಯ. ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ಹೇಳಿದ: "ಬಾಯಿಯವ್ರೆ, ಇದು ನೆಟ್ ಫೋನಿನ ಡಬ್ಬಿ. ಒಂದು ಬದಿಗೆ ಇಂಟರ್ನೆಟ್ ವೈರು, ಇನ್ನೊಂದು ಬದಿಗೆ ನಿಮ್ಮ ಫೋನು. ವರ್ಷಕ್ಕೆ ಒಮ್ಮೆ ದುಡ್ಡು ಕಟ್ಟಿದ್ರೆ ಆಯ್ತು, ಎಷ್ಟು ಮಾತಾಡಿದ್ರೂ ನೆಟ್ಟು ಹೆಚ್ಚು ತಿನ್ನುದಿಲ್ಲ. ಕಂಪ್ಯೂಟರೂ ಬೇಡ. ನಿಮಗೆ ಇದೇ ಸಾಕು, ಇದೇ ಅಗ್ಗ."

"ಮೋರೆ ಕಾಣ್ತದಾ?"

"ಮೋರೆ ಇಲ್ಲ. ಮಾತು ಮಾತ್ರ."

"ಹಂಗಾರೆ ಬೇಡ."

"ನಿಮಗೆ ಅಗ್ಗದ್ದು ಬೇಕೋ, ಮೋರೆ ಬೇಕೋ? ಎರಡೂ ಒಟ್ಟಿಗೆ ಸಿಗೂದು ಕಷ್ಟ."

ಜೊತೆಗೆ ಬಂದಿದ್ದ ದೀಪಾಲಿ ಅಮ್ಮನ ಸೆರಗು ಜಗ್ಗಿ, "ಆಯಿ, ಎಲ್ಲ ಲೆಕ್ಕ ಹಾಕಿದ್ರೆ ಸೈಬರೇ ಅಗ್ಗ" ಅಂದಳು. ಕಲಾವತಿ ನೋಡಿದ ನೋಟಕ್ಕೆ ಮಗಳು ಅಂಗಡಿಯ ಹೊರಗೆ ಹೋಗಿ ನಿಂತಳು.

ಅಗ್ಗವಂತೆ ಅಗ್ಗ! ಇಪ್ಪತ್ತು ರೂಪಾಯಿಗೆ ಆಗುವ ಕೆಲಸಕ್ಕೆ ಒಂದೂವರೆ ತಿಂಗಳು ದರ ಕೇಳಿ, ಚೌಕಾಶಿ ಮಾಡಿ, ಕಲಾವತಿ ಕೊನೆಗೆ ಎಲ್ಲಕ್ಕಿಂತ ದುಬಾರಿಯದ್ದನ್ನೇ ಆರಿಸಿದಳು. ಹಳೆಯ ಕಂಪ್ಯೂಟರು, ಟಿವಿಯಷ್ಟು ದಪ್ಪದ ಪರದೆ, ಕಣ್ಣಿನ ಹಾಗಿನ ಕ್ಯಾಮರಾ, ಮೇಲಿಂದ ತಿಂಗಳ ಇಂಟರ್ನೆಟ್ಟು. ಹಿತ್ತಲ ಕರಿ ಈಶಾಡು ಮಾವಿನ ಎರಡು ಮರದ ಫಸಲನ್ನು ಹೂವು ಕಾಯಿಕಟ್ಟುವ ಮೊದಲೇ ಗುತ್ತಿಗೆಗೆ ಕೊಟ್ಟು ದುಡ್ಡು ಹೊಂದಿಸಿದಳು. ಊರವರಿಗೆ, "ದೀಪಾಲಿ ಓದೂಕೆ ಬೇಕಲ್ಲ" ಅಂದಳು. ಊರವರು ನಂಬಿದರು. ರೂಪಾಲಿಯಂತೂ ನಂಬಿ, ಮಗುವಿನ ಹಾಗೆ ಕುಣಿದು, "ಅಯ್ಯೋ ಅಕ್ಕ, ಇನ್ನು ನಾನು ಅಂಕೋಲೆಗೆ ಹೋಗುದೇ ಬೇಡ ಅಲ್ದಾ!" ಅಂದಳು. ಕಲಾವತಿ ಸೆರಗಿನ ತುದಿಯಿಂದ ಪರದೆಯ ಧೂಳು ಒರೆಸಿದಳು.

ಕಾಶಿ ಹೆಡ್‌ಫೋನು ಕೊಡಲು ಬಂದರೆ ಬೇಡ ಅಂದಿದ್ದಳು. ಅವಳಿಗೆ ಬೇಕಾದದ್ದು ಸ್ಪೀಕರು, ಅದೂ ಜೋಡಿ. ಕಂಪ್ಯೂಟರನ್ನು ಜಗಲಿಯ ನಡುಗೋಡೆಗೆ ತಾಗಿಸಿ ಇಡಿಸಿದಳು. ಗೋಡೆ ಮಾಡಿನ ತನಕ ಏರಿರಲಿಲ್ಲ; ಮೇಲೆ ಮೂರು ಅಡಿ ತೆರವೇ ಇತ್ತು. ಈಚೆ ಒಗ್ಗರಣೆ ಹಾಕಿದರೆ ಆಚೆ ಸೀನು ಬರುತ್ತಿತ್ತು.

ಮಾರ್ಚಿನ ಮೊದಲ ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಮುಹೂರ್ತ. ಸಂದೀಪನಿಗೆ ಅವತ್ತು ಓವರ್‌ಟೈಮು ಬಿದ್ದು ರೂಪಾಲಿ ಪೇಟೆಗೆ ಹೋಗಿರಲಿಲ್ಲ. ಒಳ್ಳೆಯದೇ ಆಯಿತು, ಕೇಳಿಸಿಕೊಳ್ಳಲಿ ಅಂದುಕೊಂಡಳು ಕಲಾವತಿ. ಧರ್ಮಸ್ಥಳಕ್ಕೆ ಹೋದಾಗ ಉಟ್ಟ ಸೀರೆ ಉಟ್ಟಳು. ಅಬ್ಬಲಿಗೆ ಮುಡಿಯಲಿಕ್ಕೆ ಹೋಗಿ, ಅದು ಅವಳದ್ದಾಯಿತಲ್ಲ ಅಂತ ತೆಗೆದು ಸೇವಂತಿಗೆ ಮುಡಿದಳು. ದೀಪಾಲಿ ಏನೇನೋ ಒತ್ತಿದಳು. ಪರದೆಯ ಮೇಲೆ ಮೊದಲು ಚೌಕ ಚೌಕ ಕಂಡಿತು, ಆಮೇಲೆ ಗಡ್ಡ ಕಂಡಿತು, ಆಮೇಲೆ ನಾಗು.

"ಕಾಣ್ತದಾ?" ಅಂದ ನಾಗು.

"ಕಾಣ್ತದೆ," ಅಂದಳು. ಮಗಳನ್ನು ಒಳಗೆ ಕಳಿಸಿದಳು.

ಗಡ್ಡದಲ್ಲಿ ಬಿಳಿ ಇತ್ತು. ರೂಪಾಲಿ ಅದನ್ನು ಹೇಳಿರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು. ಕಲಾವತಿಗೆ ಏನೋ ಹೇಳಬೇಕು ಅನ್ನಿಸಿತು. ಅನ್ನಿಸಿದ್ದೇ ತಡ, ಕೈ ತನ್ನಷ್ಟಕ್ಕೇ ಕ್ಯಾಲೆಂಡರಿನ ಹಾಳೆಗೆ ಹೋಯಿತು. ಏಳು ವರ್ಷದ ಅಭ್ಯಾಸ, ಬಿಡು ಅಂದರೆ ಬಿಡುತ್ತದೆಯೇ? "ಒಂದು, ಮಾವಿನ ಮರ ಗುತ್ತಿಗೆಗೆ ಕೊಟ್ಟೆ. ಎರಡು, ಬಾವಿಕಟ್ಟೆ ಸಿಮೆಂಟು ಎದ್ದದೆ..." ನಾಗು ಹಾಂ ಅಂದ. ಅಡ್ಡಿಲ್ಲ ಅಂದ. ಕೈ ಕಟ್ಟಿಕೊಂಡು ನೆಟ್ಟಗೆ ಕೂತಿದ್ದ. ಅವನು ಹಾಂ ಅನ್ನುವಾಗ ಮೋರೆ ಹೇಗಿರುತ್ತದೆ ಅಂತ ಅವಳಿಗೆ ಈಗ ಕಂಡಿತು. ಸಾಹೇಬನ ಎದುರು ನಿಂತವನ ಮೋರೆ.

ಒಂಬತ್ತನೆಯದು ಮುಗಿದಾಗ ಗಡಿಯಾರ ನೋಡಿದಳು. ಆದದ್ದು ಏಳೇ ನಿಮಿಷ. ನಾಗುವೂ ಕೈ ಮುಂದೆ ಚಾಚಿದ. "ಮತ್ತೆ? ಇಡ್ಲಾ?"

"ಇಡೂದೆಂತಕ್ಕೆ? ಇದು ಕಾರ್ಡಲ್ಲ. ಎಷ್ಟು ಹೊತ್ತಾದ್ರೂ ಮಾತಾಡ್ಬಹುದು."

"ಹೌದಲ್ಲ," ಅಂದ ನಾಗು.

ಆಮೇಲೆ ಇಬ್ಬರೂ ಸುಮ್ಮನೆ ಕೂತರು. ಅಲ್ಲೊಂದು ಫ್ಯಾನು ತಿರುಗುವ ಸದ್ದು ಜೋಡಿ ಸ್ಪೀಕರಿನಲ್ಲಿ ಇಡೀ ಜಗಲಿ ತುಂಬಿತು. ಅವನು ಮೂಗು ತಿಕ್ಕಿದ. ಅವಳು ಸೆರಗು ಸರಿಮಾಡಿದಳು. ಎರಡು ನಿಮಿಷ. ಮೂರು ನಿಮಿಷ. ಗೋಡೆಯಾಚೆ ರೂಪಾಲಿಗೆ ಈ ಮೌನ ಕೇಳುತ್ತಿರಬಹುದು ಅಂತ ಹೊಳೆದು ಕಲಾವತಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಈಶಾಡಿನ ಎರಡು ಮರ ಕೊಟ್ಟು ತಂದದ್ದು ಇದನ್ನೇ?

ಕೊನೆಗೆ ನಾಗು ಕೆಮ್ಮಿ, "ರೂಪಾಲಿ ಇದ್ರೆ ಕರಿ ಅಲ್ಲ. ಅವ್ಳು ಬಂದ್ರೆ ಮಾತು ಸಾಗ್ತದೆ" ಅಂದ.

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ದೇವರಾಣೆ ಅಲ್ಲ. ಬೇಜಾರು ಕಳೆಯಲಿ ಅಂತ ಅಂದದ್ದು. ಆದರೆ ಕಲಾವತಿಗೆ ಕಾದ ಸೌಟು ತಾಗಿದ ಹಾಗಾಯಿತು. "ಅವ್ಳಿಲ್ಲ," ಅಂದಳು. "ಹಟ್ಟಿಕೇರಿಗೆ ಹೋಗ್ಯಾಳೆ, ತವರಿಗೆ. ನಾಡಿದ್ದು ಬರೂದು."

ಅವಳ ಬಾಯಿ ಮುಚ್ಚುವುದಕ್ಕೂ ಗೋಡೆಯಾಚೆಯಿಂದ, "ಏ ಸೂರಜಾ! ಒಣಮೀನಿನ ಹತ್ರ ಕಾಗೆ ಬಂತು ನೋಡೋ! ಓಡ್ಸೋ!" ಅಂತ ರೂಪಾಲಿಯ ಸ್ವರ ಏರುವುದಕ್ಕೂ ಸರಿಹೋಯಿತು. ಗಂಟೆಯ ಹಾಗಿನ ಸ್ವರ ಅವಳದ್ದು. ಹಳೆಯ ಫೋನಾಗಿದ್ದರೆ ದಾಟುತ್ತಿರಲಿಲ್ಲ. ಕಾಶಿ ಕೊಟ್ಟ ಮೈಕು ಚೊಕ್ಕದ್ದು, ಕಾಗೆಯನ್ನೂ ಬಿಡದೆ ಕುವೈತಿಗೆ ಮುಟ್ಟಿಸಿತು.

ನಾಗು ತಲೆ ಓರೆ ಮಾಡಿದ. "ಹಟ್ಟಿಕೇರಿಯಿಂದ ಇಷ್ಟು ಜೋರಾಗಿ ಕೇಳ್ತದಾ?"

ಕಲಾವತಿಯ ಮೋರೆ ಕೆಂಪಾಯಿತು. ಫೋನಿನಲ್ಲಾದರೆ ಮೋರೆ ಮುಚ್ಚಿಡಬಹುದು. ಇಲ್ಲಿ ಅವಳೇ ದುಡ್ಡು ಕೊಟ್ಟು ತಂದ ಕಣ್ಣು ಅವಳನ್ನೇ ನೆಟ್ಟು ನೋಡುತ್ತಿತ್ತು.

"ಸುಳ್ಳು ಹೇಳೂದೆಂತಕ್ಕೆ ಕಲಾ? ಅವ್ಳ ಸಂಗ್ಡ ಮಾತು ಬಿಟ್ಟೀಯಾ?"

"ಬಿಟ್ಟಿಲ್ಲ! ಹೊಟ್ಟೆಕಿಚ್ಚು ನಂಗೆ! ಆಯ್ತಾ?" ಅಂದಳು ಕಲಾವತಿ. ಅಂದದ್ದೇ ಕಟ್ಟೆ ಒಡೆಯಿತು. "ಕಂಡಿದ್ದೇನೆ ನಾನು, ಸೋಮು ಅಂಗಡೀಲಿ ಹಿಂದೆ ನಿಂತು ಕಂಡಿದ್ದೇನೆ! ಅವ್ಳು ಬೆರಳು ತೋರ್ಸಿದ್ರೆ ನೀವು ತೊಡೆ ತಟ್ಟಿ ನಗೂದು! ನಂಗೆ ಒಂದು ಹಾಂ. ಅವ್ಳಿಗೆ ಮೂವತ್ತೆರಡು ಹಲ್ಲು! ನಿಮ್ಮ ಗಡ್ಡ ಅವ್ಳಿಗೆ ಗೊತ್ತು, ನಿಮ್ಮ ಹಾಸಿಗೆ ಚಾದರ ಅವ್ಳಿಗೆ ಗೊತ್ತು, ನಾನು ಯಾರು ಇಲ್ಲಿ? ಹಂಚು ಹೊದಿಸೂಕೆ ಇಟ್ಟ ಆಳಾ? ಅವತ್ತಿಂದ ಸರಿ ಉಂಡಿಲ್ಲ ನಾನು. ಮಾವಿನ ಮರ ಕೊಟ್ಟೆ, ಕಾರವಾರಕ್ಕೆ ನಾಲ್ಕು ಸಲ ಅಲೆದೆ, ಎಂತಕ್ಕೆ? ಒಂದ್ಸಲ ನನ್ನೆದುರು ನಗ್ಲಿ ಅಂತ! ನೀವು ನೋಡಿದ್ರೆ ಅವ್ಳನ್ನೇ ಕರಿ ಅಂತ್ರಿ!"

ಫ್ಯಾನು ತಿರುಗಿತು. ಒಳಗೆ ಚಾ ಮಾಡುತ್ತಿದ್ದ ದೀಪಾಲಿಯ ಪಾತ್ರೆಯ ಸದ್ದೂ ನಿಂತಿತು.

"ಅವ್ಳು ಮೀನ್ಸಾರು ಮಾಡೂದು ಹೇಳ್ಕೊಡ್ತಿದ್ಲು," ಅಂದ ನಾಗು. "ಸಂದೀಪ ಕರಕಲು ಮಾಡಿಟ್ಟ. ಅವ್ಳು ಬೈದ್ಲು. ಮನೇಲಿ ಬೈದ ಹಾಗೇ ಬೈದ್ಲು. ಅದಕ್ಕೆ ನಗು ಬಂತು."

"ಅದನ್ನ ನಂಗೆ ಹೇಳ್ಲಿಕ್ಕೆ ಎಂತಾಗಿತ್ತು?"

"ಎಲ್ಲಿ ಹೇಳ್ಲಿ? ನಿನ್ನ ಏಳು ನಿಮಿಷದಲ್ಲಿ ಜಾಗ ಎಲ್ಲಿತ್ತು?" ಅವನ ಸ್ವರವೂ ಈಗ ಏರಿತು. "ಹನ್ನೊಂದು ಗಂಟೆ ಆಯ್ತು ಅಂದ್ರೆ ನಂಗೆ ಪರೀಕ್ಷೆಗೆ ಕೂತ ಹಾಗೆ ಆಗ್ತದೆ. ನೀನು ಒಂದು ಅಂದ್ರೆ ನಾನು ಎರಡಕ್ಕೆ ತಯಾರಾಗ್ಬೇಕು. ಸೈಬರಿಗೆ ಬಾ ಅಂತ ಹೇಳೂಕೆ ಹೋದೆ, ನೀನು ನಾಲ್ಕು ಅಂದೆ. ರಜೆಗೆ ಬಂದ್ರೆ ನೆಂಟ್ರಿಗೆ ಬಡಿಸಿದ ಹಾಗೆ ಬಡಿಸ್ತೆ. ಒಂದು ಜೋರು ಮಾತಿಲ್ಲ. ಮೊದ್ಲು ಎಷ್ಟು ಬೈತಿದ್ದೆ ನಂಗೆ ನೀನು! ಬೀಡಿ ಸೇದಿದ್ರೆ ಬೈತಿದ್ದೆ, ಮಣ್ಣಿನ ಕಾಲಲ್ಲಿ ಒಳಗೆ ಬಂದ್ರೆ ಬೈತಿದ್ದೆ."

ಕಲಾವತಿ ಕಣ್ಣು ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಅತ್ತದ್ದು ಅವನಿಗೆ ಗೊತ್ತಾಗುತ್ತದೆ ಅಂತ. ಅವನಿಗೆ ಹೇಗೂ ಕಾಣುತ್ತಿತ್ತು.

"ಈಗ ಬೈದ್ಯಲ್ಲ," ಅಂದ ನಾಗು, ಕುರ್ಚಿ ಮುಂದೆ ಎಳೆದುಕೊಂಡು. "ಇನ್ನೂ ಬೈ. ಏಳು ವರ್ಷದ್ದು ಬಾಕಿ ಅದೆ."

"ಬೈತೇನೆ! ನಂಗೆ ಹೆದರಿಕೆಯಾ? ಮೊದ್ಲು ಆ 'ಅವ್ಳು ಬಂದ್ರೆ ಮಾತು ಸಾಗ್ತದೆ' ಅಂದ್ರಲ್ಲ, ಅದನ್ನ ತೀರಿಸ್ತೇನೆ! ಕೆನ್ನೆ ಎಲ್ಲಿ ಹೋಯ್ತು ನಿಮ್ದು? ಕರಕಲು ತಿಂದು ಹಲ್ಲು ಕಿಸಿದ್ರೆ ಮೈಗೆ ಹತ್ತುತ್ತದಾ? ಆ ಗಡ್ಡ ಯಾರ ಹತ್ರ ಕೇಳಿ ಬಿಟ್ಟದ್ದು? ಮುದುಕನ ಹಾಗೆ!"

ಅವಳ ಸ್ವರ ಮಾಡಿಗೆ ಬಡಿಯಿತು. ಆಚೆ ಮನೆಯ ಬಾಗಿಲು ಕಿರುಗುಟ್ಟಿತು. ಅಂಗಳದಲ್ಲಿ ಚಪ್ಪಲಿಯ ಸದ್ದು ಓಡಿ ಬಂತು. ಇಷ್ಟು ಹೊತ್ತು ಹಿತ್ತಲಲ್ಲಿ ಒಣಮೀನಿನ ಕಾವಲಿಗಿದ್ದ ರೂಪಾಲಿ ಒಂದು ಕೈಯಲ್ಲಿ ಕಾಗೆ ಓಡಿಸುವ ಕೋಲು ಹಿಡಿದು, ಗಾಬರಿಯ ಮೋರೆ ಮಾಡಿ ಹೊಸ್ತಿಲಲ್ಲಿ ನಿಂತಳು. "ಎಂತಾಯ್ತು ಅಕ್ಕ? ಭಾವ ಅಲ್ದಾ ಅದು? ನಾನು ಒಂಚೂರು ಮಾತಾಡ್ಲಾ?"

ಕಲಾವತಿ ಎದ್ದು ಬಂದು ಬಾಗಿಲ ಎರಡೂ ಪಡಿಗೆ ಕೈಯಿಟ್ಟಳು. ಕಣ್ಣಲ್ಲಿ ನೀರು, ತುರುಬಿನಿಂದ ಸೇವಂತಿಗೆ ಜಾರಿ ಕಿವಿಯ ಮೇಲೆ ನೇತಾಡುತ್ತಿತ್ತು. ಹಿಂದಿನಿಂದ ಜೋಡಿ ಸ್ಪೀಕರಿನಲ್ಲಿ ನಾಗು ಕೂಗುತ್ತಿದ್ದ, "ಏ, ಎಲ್ಲಿಗೆ ಹೋದೆ? ನಂದಿನ್ನೂ ಮುಗೀಲಿಲ್ಲ!"

"ಈಗ ಆಗುದಿಲ್ಲ ಮಾರಾಯ್ತಿ," ಅಂದಳು ಕಲಾವತಿ, ಬಾಗಿಲು ಹಾಕುತ್ತ. "ನಮ್ಮದು ಜಗಳ ನಡೀತಾ ಅದೆ."